ಟ್ರೇಯಲ್ಲಿ ಉಳಿದ ಎರಡನೇ ಸಿರಿಂಜು

ಹೆಬ್ಬಾಳದ ಹತ್ತಿರದ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಾನು ಬಹಳ ವರ್ಷ ನರ್ಸಾಗಿದ್ದೆ. ಅಲ್ಲಿಗೆ ಬಂದವರೆಲ್ಲ ನೆನಪಿದ್ದಾರೆ ಎಂದರೆ ಸುಳ್ಳಾಗುತ್ತದೆ. ಮುಖಗಳು ಒಂದರ ಮೇಲೊಂದು ಕೂತುಬಿಟ್ಟಿವೆ. ಯಾರ ಎದೆನೋವು, ಯಾರ ಮುರಿದ ಕಾಲು, ಯಾವ ತಾಯಿಯ ಅಳು ಎಂದು ಬಿಡಿಸಿ ಹೇಳಲು ಈಗ ಆಗುವುದಿಲ್ಲ. ಒಬ್ಬರು ಮಾತ್ರ ಆ ಗುಂಪಿನಲ್ಲಿ ಕಲಸಿಹೋಗದೆ ಉಳಿದಿದ್ದಾರೆ. ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಈರುಳ್ಳಿ ಹರಾಜು ಕೂಗುತ್ತಿದ್ದವರು ಅವರು.

ವಿಮಾನ ನಿಲ್ದಾಣದ ರಸ್ತೆಗೆ ಮೇಲ್ಸೇತುವೆ ಬಂದು ಒಂದೆರಡು ವರ್ಷವಾಗಿತ್ತು. ಅದು ಬಂದರೆ ಹೆಬ್ಬಾಳದಲ್ಲಿ ಗಾಡಿಗಳು ನಿಲ್ಲುವುದಿಲ್ಲ ಅಂದಿದ್ದರು; ನಿಲ್ಲುವುದೇನೂ ತಪ್ಪಿರಲಿಲ್ಲ. ಆ ದಿನ ನನ್ನದು ಬೆಳಗಿನ ಪಾಳಿ. ಚಿಕ್ಕಬಾಣಾವರದ ಮನೆಯಿಂದ ಕತ್ತಲಿರುವಾಗಲೇ ಹೊರಟು, ಯಶವಂತಪುರದವರೆಗೆ ರೈಲು, ಅಲ್ಲಿಂದ ಬಸ್ಸು. ಮಧ್ಯಾಹ್ನ ಪಾಳಿ ಮುಗಿದರೂ ನನ್ನನ್ನು ಬಿಡಿಸಬೇಕಾದ ನರ್ಸ್ ಬಂದಿರಲಿಲ್ಲ. ಫೋನು ಮಾಡಿದರೆ, "ಫ್ಲೈಓವರ್ ಮೇಲೇ ಇದೀನಿ ಕಣೇ, ಗಾಡಿ ಅಲ್ಲಾಡ್ತಿಲ್ಲ," ಅಂದಳು. ಚೀಲದಲ್ಲಿದ್ದ ಚಿತ್ರಾನ್ನದ ಡಬ್ಬಿಯನ್ನು ಹೊರಗೆ ತೆಗೆದೆ. ಅಷ್ಟರಲ್ಲಿ ಬಾಗಿಲಲ್ಲಿ ಕಾರೊಂದು ಬಂದು ನಿಂತಿತು. ಡಬ್ಬಿಯನ್ನು ಚೀಲಕ್ಕೆ ಹಾಕಿದೆ.

ಹಿಂದಿನ ಸೀಟಿನಲ್ಲಿ ಐವತ್ತೈದರ ಆಸುಪಾಸಿನ ಗಟ್ಟಿಮುಟ್ಟಾದ ಗಂಡಸು ಬಲಕ್ಕೆ ವಾಲಿಕೊಂಡು ಕೂತಿದ್ದರು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಬಲಗೈ ತೊಡೆಯ ಮೇಲೆ ಯಾರದೋ ಕೈಯಂತೆ ಬಿದ್ದಿತ್ತು. ಬೆರಳುಗಳಲ್ಲಿ ಒಣಗಿದ ರಾಗಿಮುದ್ದೆ ಮೆತ್ತಿಕೊಂಡಿತ್ತು. ಜೊತೆಗೆ ಅವರ ಹೆಂಡತಿ, ಮತ್ತು ಕಾರು ಓಡಿಸಿಕೊಂಡು ಬಂದ ಅವರ ಸ್ವಂತ ಅಣ್ಣ.

"ಊಟಕ್ಕೆ ಕೂತಿದ್ರು ಸಿಸ್ಟರ್. ಮುದ್ದೆ ಮುರೀತಾ ಮುರೀತಾ ಕೈ ನಿಂತೋಯ್ತು," ಅಂದರು ಆಕೆ. "ಏನ್ರೀ ಅಂದ್ರೆ ಮಾತಿಲ್ಲ. ನಾನ್ ಎದುರಿಗೇ ಇದ್ದೆ."

ಪಾರ್ಶ್ವವಾಯು ಎಂದು ಹೇಳಲು ದೊಡ್ಡ ಓದು ಬೇಕಿರಲಿಲ್ಲ. ನಮಗೆ ಬೇಕಾಗಿದ್ದದ್ದು ಶುರುವಾದ ಹೊತ್ತು. ಬಹಳ ಮಂದಿಗೆ ಅದೇ ಗೊತ್ತಿರುವುದಿಲ್ಲ. ಮಲಗಿದ್ದರು, ಏಳುವಾಗ ಹೀಗಾಗಿತ್ತು ಎನ್ನುತ್ತಾರೆ. ಆಮೇಲೆ ನಾವು ಮಾಡುವುದು ಹೆಚ್ಚೇನೂ ಉಳಿಯುವುದಿಲ್ಲ. ಈಕೆ ಎದುರಿಗೇ ಕೂತಿದ್ದರು. ಅಲ್ಲಾಳಸಂದ್ರದ ಅವರ ಮನೆಯಿಂದ ಮೊದಲು ಪಕ್ಕದ ಕ್ಲಿನಿಕ್ಕಿಗೆ ಹೋಗಿ, ಅಲ್ಲಿ ಗ್ಯಾಸ್ಟ್ರಿಕ್ ಇರಬಹುದೆಂದು ಒಂದು ಇಂಜೆಕ್ಷನ್ ಹಾಕಿಸಿಕೊಂಡು, ಆಮೇಲೆ ನಮ್ಮ ಹತ್ತಿರ ಬಂದಿದ್ದರು. ಅಷ್ಟಾದರೂ ಒಂದೂವರೆ ಗಂಟೆಯೊಳಗೇ ಬಂದಿದ್ದರು. ಮದ್ದು ಕೊಡಲು ನಾಲ್ಕೂವರೆ ಗಂಟೆಯ ಗಡುವು. ಆದರೆ ಗಡುವಿದೆ ಎಂದು ಕಾಯುವ ಹಾಗಿಲ್ಲ. ಕಾದಷ್ಟೂ ಮೆದುಳು ಸಾಯುತ್ತ ಹೋಗುತ್ತದೆ.

ನರರೋಗದ ಡಾಕ್ಟರು ಮೂವತ್ತು ದಾಟಿದ ತೆಳ್ಳಗಿನ ಹೆಣ್ಣುಮಗಳು. ಒಪಿಡಿಯಲ್ಲಿ ಬೆಳಗಿನಿಂದ ರೋಗಿಗಳನ್ನು ನೋಡಿ ದನಿ ಕೂತುಹೋಗಿತ್ತು. ಬಂದವರೇ ಟಾರ್ಚ್ ಬಿಟ್ಟು ಕಣ್ಣು ನೋಡಿದರು, ಕೈಕಾಲು ಎತ್ತಿಸಿದರು. "ನಿಮ್ಮ ಹೆಸರು ಹೇಳಿ," ಅಂದರು. ಆತ ಬಾಯಿ ತೆರೆದರು. ಕತ್ತಿನ ನರ ಉಬ್ಬಿತು. ಶಬ್ದ ಬರಲಿಲ್ಲ. ಕಣ್ಣಲ್ಲಿ ಅರ್ಥವಾಗುತ್ತಿದ್ದದ್ದು ಕಾಣುತ್ತಿತ್ತು, ಅದೇ ನೋಡಲಾಗದ್ದು.

"ಇವರ ಕೆಲಸವೇ ಕೂಗೋದು ಮೇಡಂ," ಅಂದರು ಹೆಂಡತಿ. "ಈ ತುದೀಲಿ ಕೂಗಿದ್ರೆ ಯಾರ್ಡಿನ ಆ ತುದೀಗೆ ಕೇಳ್ತದೆ."

ಸ್ಕ್ಯಾನಿಂಗ್ ಆಯಿತು. ತಲೆಯೊಳಗೆ ರಕ್ತ ಸೋರಿರಲಿಲ್ಲ. ಅಂದರೆ ಯಾವುದೋ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ, ಅದನ್ನು ಕರಗಿಸುವ ಮದ್ದು ಕೊಡಬಹುದು. ಡಾಕ್ಟರು ಹೆಂಡತಿಯನ್ನೂ ಅಣ್ಣನನ್ನೂ ಪಕ್ಕಕ್ಕೆ ಕರೆದು ವಿವರಿಸಿದರು. ಕರಗಿದರೆ ಕೈಕಾಲು, ಮಾತು ವಾಪಸ್ ಬರಬಹುದು. ಆದರೆ ಈ ಮದ್ದಿಗೆ ಬೇಕಾದ ಹೆಪ್ಪು ಯಾವುದು, ಬೇಡದ್ದು ಯಾವುದು ಗೊತ್ತಾಗುವುದಿಲ್ಲ. ಕೆಲವರಿಗೆ ಮೆದುಳಲ್ಲೇ ರಕ್ತ ಸೋರುತ್ತದೆ. ಅದರಿಂದ ಪ್ರಾಣವೂ ಹೋಗಬಹುದು.

ಅಣ್ಣ ಬೇಡವೆಂದು ತಲೆ ಅಡ್ಡ ಆಡಿಸಿದರು. ಅವರು ಹಳೆಯ ಕಾಲದ ಊರ ಮನುಷ್ಯ. ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳ ಸಾಲು ಕಟ್ಟಿಸಿದ್ದರಂತೆ. ಬಿಳಿ ಪಂಚೆ, ಕೈಯಲ್ಲಿ ಕಾರಿನ ಬೀಗದಕೈ.

"ನೋಡಮ್ಮ, ಇಂಗೆ ಪ್ರಾಣಕ್ಕೇ ಬರೋ ಮದ್ದು ಯಾಕ್ ಬೇಕು? ಲಕ್ವಕ್ಕೆ ನಾಟಿ ಔಸ್ದಿ ಕೊಡೋರವ್ರೆ. ಪಾರಿವಾಳದ್ ರಕ್ತ ಸವರಿ ಕಟ್ತಾರೆ. ನಮ್ ಸೋದ್ರಮಾವಂಗೆ ಅಂಗೇ ವಾಸಿಯಾಗಿದ್ದು. ಈಗ್ಲೇ ಒಂಟ್ರೆ ಸಂಜೆ ಒಳಗೆ ಓಗ್ಬೋದು," ಅಂದರು.

"ಅವ್ರು ಆಮೇಲೆ ಕೋಲ್ ಇಡ್ಕೊಂಡೇ ಓಡಾಡಿದ್ದು ಭಾವ," ಅಂದರು ಆಕೆ.

"ಪ್ರಾಣ ಇತ್ತಲ್ಲ?"

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ಕಾಲು ನೋಯುತ್ತಿತ್ತು. ಇಂಥ ಮಾತುಕತೆಗಳನ್ನು ಎಷ್ಟು ಸಲ ಕೇಳಿದ್ದೆನೋ. ಒಮ್ಮೊಮ್ಮೆ ಅವು ಮುಗಿಯುವಷ್ಟರಲ್ಲಿ ಹೊತ್ತೇ ಮುಗಿದಿರುತ್ತಿತ್ತು. ಯಾರ ಪರವಾಗಿಯೂ ಮಾತಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಗೋಡೆಗೆ ಒರಗಿಕೊಂಡು ನಿಂತಿದ್ದೆ. ಕೊನೆಗೆ ಆಕೆಯೇ ಡಾಕ್ಟರ ಕಡೆ ತಿರುಗಿದರು.

"ನಿಮ್ಮಪ್ಪ ಆಗಿದ್ರೆ ಏನ್ ಮಾಡ್ತಿದ್ರಿ ಮೇಡಂ? ಅದನ್ನೇ ಏಳಿ."

ಡಾಕ್ಟರು ಕೈಯಲ್ಲಿದ್ದ ಟಾರ್ಚನ್ನು ಜೇಬಿಗೆ ಹಾಕಿಕೊಂಡರು. "ಕೊಡ್ತಿದ್ದೆ. ಹೆದರಿಕೊಂಡೇ ಕೊಡ್ತಿದ್ದೆ," ಅಂದರು.

"ಅಂಗಾದ್ರೆ ಕೊಡಿ." ಆಕೆ ಸಹಿ ಹಾಕಿದರು. ಅಣ್ಣ ಹೊರಗೆ ಹೋಗಿ ಕಾರಿಗೆ ಒರಗಿಕೊಂಡು ನಿಂತರು.

ಸಹಿ ಆದ ಮೇಲೆ ತೂಕದ ಪ್ರಶ್ನೆ. ಈ ಮದ್ದನ್ನು ತೂಕ ನೋಡಿಯೇ ಕೊಡಬೇಕು. ಒಂದು ಕಿಲೋಗೆ ಸೊನ್ನೆ ಪಾಯಿಂಟ್ ಒಂಬತ್ತು ಮಿಲಿಗ್ರಾಮ್; ಎಷ್ಟೇ ದಪ್ಪಗಿದ್ದರೂ ತೊಂಬತ್ತು ಮಿಲಿಗ್ರಾಮ್ ದಾಟುವಂತಿಲ್ಲ. ಕಡಿಮೆಯಾದರೆ ಹೆಪ್ಪು ಕರಗದೆ ಉಳಿಯಬಹುದು, ಹೆಚ್ಚಾದರೆ ರಕ್ತ ಸೋರುವ ಭಯ ಹೆಚ್ಚು. ಇಷ್ಟೆಲ್ಲ ನಿಂತಿರುವುದು ತೂಕದ ಮೇಲೆ. ಆದರೆ ಅರ್ಧ ಮೈ ಸತ್ತ ಮನುಷ್ಯನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವುದು ಹೇಗೆ? ಮಲಗಿಸಿದಲ್ಲೇ ತೂಕ ತೋರಿಸುವ ಮಂಚ ಆಗ ನಮ್ಮಲ್ಲಿರಲಿಲ್ಲ. ಮನೆಯವರನ್ನು ಕೇಳುತ್ತಿದ್ದೆವು, ಕಣ್ಣಳತೆಯಲ್ಲಿ ನೋಡುತ್ತಿದ್ದೆವು.

"ತೊಂಬತ್ತಕ್ಕೆ ಕಮ್ಮಿ ಇಲ್ಲ," ಅಂದರು ಒಳಗೆ ಬಂದ ಅಣ್ಣ. ತಮ್ಮನ ಮೈಕಟ್ಟಿನ ಬಗ್ಗೆ ಅಂಥ ಹೊತ್ತಲ್ಲೂ ಅವರ ದನಿಯಲ್ಲಿ ಹೆಮ್ಮೆಯಿತ್ತು.

"ಅದು ಶುಗರ್ ಬರೋಕ್ ಮುಂಚೆ," ಅಂದರು ಹೆಂಡತಿ. "ಈಗ ಪ್ಯಾಂಟೆಲ್ಲ ಜಾರ್ತದೆ. ಓದ್ ತಿಂಗ್ಳು ಡಾಕ್ಟ್ರತ್ರ ನೋಡ್ದಾಗ ಎಪ್ಪತ್ತೈದೋ ಎಪ್ಪತ್ತಾರೋ ಅಂದ್ರು."

ಡಾಕ್ಟರು ನನ್ನತ್ತ ನೋಡಿದರು. ಅಷ್ಟು ವರ್ಷ ರೋಗಿಗಳನ್ನು ಎತ್ತಿ ಹೊರಳಿಸಿದ ತೋಳು ನನ್ನದು. ಆದರೂ ಅವರ ತೊಡೆಯ ಕೆಳಗೆ ಕೈಕೊಟ್ಟು ಒಮ್ಮೆ ಎತ್ತಿ ನೋಡಿದೆ. "ಎಪ್ಪತ್ತೈದು ಎಂಬತ್ತರ ಮಧ್ಯೆ ಇರಬಹುದು ಮೇಡಂ," ಅಂದೆ. ಅವರು ರೋಗಿಯ ಹೊಟ್ಟೆ, ತೊಡೆಗಳನ್ನು ಮತ್ತೊಮ್ಮೆ ನೋಡಿ ಎಪ್ಪತ್ತೈದೆಂದು ತೀರ್ಮಾನಿಸಿದರು. ಅಂದರೆ ಅರವತ್ತೇಳೂವರೆ ಮಿಲಿಗ್ರಾಮ್. ಅವರು ಒಂದು ಸಲ ಲೆಕ್ಕ ಮಾಡಿದರು, ನಾನು ಬೇರೆಯಾಗಿ ಒಂದು ಸಲ. ಇಬ್ಬರದೂ ಕೂಡಿಬಂದ ಮೇಲೆ ಮದ್ದು ಕಲಸಲು ಹೋದೆ.

"ಸ್ವಲ್ಪ ಕಮ್ಮಿನೇ ಆಕಿ ನೋಡಿ ಮೇಡಂ, ಬೇಕಾದ್ರೆ ಆಮೇಲೆ ಆಕೋಣ," ಅಂದರು ಅಣ್ಣ. ಹಾಗೆ ಕೇಳಿದವರು ಅವರೊಬ್ಬರೇ ಅಲ್ಲ. ಆ ವರ್ಷಗಳಲ್ಲಿ ಕೆಲವು ಡಾಕ್ಟರುಗಳೂ ನಮ್ಮ ಜನದ ಮೈಗೆ ಕಡಿಮೆ ಡೋಸ್ ಸಾಕು ಎನ್ನುತ್ತಿದ್ದರು. ಪೂರ್ತಿಯೇ ಕೊಡಬೇಕು ಎನ್ನುವವರು ಇನ್ನು ಕೆಲವರು. ಕ್ಯಾಂಟೀನಿನಲ್ಲಿ ಅವರ ವಾದ ನಮ್ಮ ಕಿವಿಗೂ ಬೀಳುತ್ತಿತ್ತು. ನಮ್ಮ ಡಾಕ್ಟರು ಹೇಳಿದ್ದಿಷ್ಟೇ: "ಹಾಗೆ ರುಚಿ ನೋಡಿ ಹಾಕೋ ಮದ್ದಲ್ಲ ಇದು."

ಮದ್ದು ಪುಡಿಯಾಗಿರುತ್ತದೆ. ಐವತ್ತರದೊಂದು ಶೀಶೆ, ಇಪ್ಪತ್ತರದೊಂದು. ಜೊತೆಗೆ ಬಂದ ನೀರನ್ನು ಹಾಕಿ ಮೆಲ್ಲಗೆ ತಿರುಗಿಸುತ್ತ ಕರಗಿಸಬೇಕು. ಕುಲುಕಿದರೆ ನೊರೆ ಬರುತ್ತದೆ, ಅಳತೆ ಕೆಡುತ್ತದೆ. ಕರಗಿದ ಮೇಲೆ ಒಂದು ಎಂಎಲ್‌ಗೆ ಒಂದು ಮಿಲಿಗ್ರಾಮ್. ಹೆಚ್ಚಿಗೆ ಇದ್ದ ಎರಡೂವರೆ ಎಂಎಲ್ ಅನ್ನು ಮೊದಲೇ ತೆಗೆದು ಚೆಲ್ಲಿದೆ. ಉಳಿದರೆ ಗಡಿಬಿಡಿಯಲ್ಲಿ ಯಾರಾದರೂ ಅದನ್ನೂ ಕೊಟ್ಟುಬಿಡಬಹುದು ಎಂಬ ಭಯ. ಹತ್ತನೇ ಒಂದು ಪಾಲನ್ನು ಚಿಕ್ಕ ಸಿರಿಂಜಿಗೆ ಎಳೆದೆ. ಅದು ಒಂದು ನಿಮಿಷದಲ್ಲಿ ಕೈಯಿಂದಲೇ ಕೊಡುವುದು. ಮಿಕ್ಕದ್ದು ಒಂದು ಗಂಟೆಯಲ್ಲಿ ಪಂಪಿನ ಮೂಲಕ ನಿಧಾನವಾಗಿ ಹೋಗಬೇಕು. ದೊಡ್ಡ ಸಿರಿಂಜು ಹಿಡಿಯುವುದು ಐವತ್ತೇ, ಆದ್ದರಿಂದ ಉಳಿದ ಹತ್ತು ಚಿಲ್ಲರೆಯನ್ನು ಎರಡನೇ ಸಿರಿಂಜಿಗೆ ತುಂಬಿ, ಮದ್ದಿನ ಹೆಸರು ಬರೆದು ಟ್ರೇಯಲ್ಲಿಟ್ಟೆ.

ಎಲ್ಲ ಸಿದ್ಧವಾಗಿ ಮಂಚದ ಹತ್ತಿರ ಹೋದರೆ ಬಿಪಿ ಇನ್ನೂರ ಹತ್ತು! ಅಷ್ಟಿದ್ದರೆ ಕೊಡುವಂತಿಲ್ಲ. ಇಳಿಸುವ ಇಂಜೆಕ್ಷನ್ ಹಾಕಿ, ಅಳೆದು, ಮತ್ತೆ ಹಾಕಿ, ಮತ್ತೆ ಅಳೆದೆವು. ಮದ್ದು ಕೈಯಲ್ಲಿಟ್ಟುಕೊಂಡು ಕಾಯುವಷ್ಟು ದಣಿಸುವುದು ಬೇರೆ ಯಾವುದೂ ಇಲ್ಲ. ನೂರ ಎಂಬತ್ತಕ್ಕೆ ಬಂದಾಗ ಡಾಕ್ಟರು ಚಿಕ್ಕ ಸಿರಿಂಜು ತೆಗೆದುಕೊಂಡರು. ಗಡಿಯಾರ ನೋಡುತ್ತ ತಾವೇ ತಳ್ಳಿದರು. ನಾನು ಪಂಪು ಒತ್ತಿದೆ.

ಅಷ್ಟರಲ್ಲಿ ನನ್ನನ್ನು ಬಿಡಿಸಬೇಕಾದವಳು ಬಂದಿದ್ದಳು. "ನೀನ್ ಹೋಗೇ, ನಾನ್ ನೋಡ್ಕೋತೀನಿ," ಅಂದಳು. ಕಲಸಿದ ಮದ್ದನ್ನು ಅರ್ಧದಲ್ಲಿ ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಉಳಿದ ಮಂಚಗಳನ್ನು ನೋಡಿಕೋ ಎಂದು ಅವಳಿಗೆ ಹೇಳಿ ಸ್ಟೂಲು ಎಳೆದುಕೊಂಡು ಕೂತೆ.

ಮೊದಲು ಏನೂ ಆಗಲಿಲ್ಲ. ಹೆಂಡತಿ ಗಂಡನ ಬೆರಳುಗಳಿಂದ ಒಣಗಿದ ಮುದ್ದೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಅರ್ಧ ಗಂಟೆ ಕಳೆಯುವ ಹೊತ್ತಿಗೆ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ನಾನು ನೋಡಿದ್ದು ನಿಜವೋ ಎಂದು ಆಕೆಯ ಮುಖ ನೋಡಿದೆ. ಆಕೆಯೂ ನೋಡಿದ್ದರು. ಆಮೇಲೆ ಮೊಣಕಾಲು ಸ್ವಲ್ಪ ಮಡಚಿತು. ಆಗಲೇ ಅವರ ಗಂಟಲಿನಿಂದ ದನಿ ಬಂದದ್ದು.

"ನೂರಾ ಹತ್ತು… ನೂರಾ ಹದಿನೈದು… ನೂರಾ ಇಪ್ಪತ್ತು…"

ಹರಾಜಿನ ರಾಗದಲ್ಲೇ ಬಂತು, ತೊದಲಾಗಿ, ಆದರೆ ಎತ್ತರದ ದನಿಯಲ್ಲಿ. ಅಕ್ಕಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಹೆಂಡತಿ ನಗುತ್ತ ಅಳುತ್ತ, "ರೀ, ಇಲ್ ನೋಡ್ರೀ, ನನ್ ಎಸ್ರೇಳ್ರೀ," ಅಂದರು. ಆತ ಆಕೆಯನ್ನು ನೋಡಿದರು, ತುಟಿ ಕೂಡಿಸಿದರು. "ನೂರಾ ಇಪ್ಪತ್ತೈದು," ಅಂದರು. ಡಾಕ್ಟರು ಓಡಿಬಂದರು. ಅವರ ಮುಖದಲ್ಲಿ ಆ ದಿನ ಮೊದಲ ಸಲ ನಗು ನೋಡಿದೆ. "ನಂಬರ್ ಮೊದಲು ಬರುತ್ತೆ ಅಮ್ಮ. ಬಾಯಿಪಾಠ ಆಗಿರೋದು ಸುಲಭ," ಅಂದರು.

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಆತ ಎಡಗೈಯನ್ನು ಹಣೆಯ ಮೇಲಿಟ್ಟು ಮುಖ ಕಿವುಚಿದರು. ನಾನು ಎದ್ದು ನಿಲ್ಲುವಷ್ಟರಲ್ಲಿ ವಾಂತಿಯಾಯಿತು. ಬಿಪಿಯೂ ಏರಿತ್ತು. ತಲೆನೋವು, ವಾಂತಿ, ಬಿಪಿ: ಈ ಮೂರೂ ಒಟ್ಟಿಗೆ ಬಂದರೆ ಮೆದುಳಲ್ಲಿ ರಕ್ತ ಸೋರಿರಬಹುದು ಎಂದು ನಮಗೆ ಗೊತ್ತಿತ್ತು. "ನಿಲ್ಸಿ ಸಿಸ್ಟರ್!" ಎಂದು ಡಾಕ್ಟರು ಅನ್ನುವ ಮೊದಲೇ ನನ್ನ ಬೆರಳು ಪಂಪಿನ ಮೇಲಿತ್ತು. ನಿಲ್ಲಿಸಿದೆ. ಮಂಚವನ್ನೇ ತಳ್ಳಿಕೊಂಡು ಸ್ಕ್ಯಾನಿಂಗ್‌ಗೆ ಓಡಿದೆವು. ಒಳಗೆ ಬೇರೆ ರೋಗಿಯಿದ್ದರು. ಬಾಗಿಲಲ್ಲಿ ಕಾದೆವು. ಹೆಂಡತಿ ನನ್ನ ತೋಳು ಹಿಡಿದುಕೊಂಡಿದ್ದರು. "ನಾನೇ ಸಹಿ ಆಕ್ದೆ," ಅನ್ನುತ್ತಿದ್ದರು, ಯಾರಿಗೂ ಅಲ್ಲ, ಸುಮ್ಮನೆ.

ರಕ್ತ ಸೋರಿರಲಿಲ್ಲ. ಹೊಟ್ಟೆ ತುಂಬ ಊಟ, ಏರಿದ ಬಿಪಿ, ಹೆದರಿಕೆ, ಏನೋ ಒಂದು ವಾಂತಿ ತರಿಸಿತ್ತು. ನಾನು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ. ಆದರೆ ಇಷ್ಟೆಲ್ಲ ಆಗುವ ಹೊತ್ತಿಗೆ ಪಂಪು ನಿಂತು ಬಹಳ ಹೊತ್ತಾಗಿತ್ತು. ಆ ಮದ್ದು ರಕ್ತದಲ್ಲಿ ಕೆಲವೇ ನಿಮಿಷ ಇರುತ್ತದೆ. ನಿಲ್ಲಿಸಿದ ಮೇಲೆ ಬೇಗ ಇಳಿದುಹೋಗುತ್ತದೆ. ಬಿಪಿ ಮತ್ತೆ ಇನ್ನೂರರ ಹತ್ತಿರ ಏರಿತ್ತು. ಇಳಿಯಲು ಹಟ ಮಾಡುತ್ತಿತ್ತು. ಡಾಕ್ಟರು ತಮ್ಮ ಮೇಲಿನವರಿಗೆ ಫೋನು ಮಾಡಿ ಕಾರಿಡಾರಿನಲ್ಲಿ ಆ ಕಡೆ ಈ ಕಡೆ ಓಡಾಡುತ್ತ ಮಾತಾಡಿದರು. ವಾಪಸ್ ಬಂದು, "ಇನ್ನು ಕೊಡೋದು ಬೇಡ ಸಿಸ್ಟರ್," ಅಂದರು.

ಮೂರನೇ ಒಂದು ಪಾಲು ಮದ್ದು ಉಳಿದಿತ್ತು. ಪಂಪಿನಲ್ಲಿ ಒಂದಿಷ್ಟು, ಟ್ರೇಯಲ್ಲಿ ಎರಡನೇ ಸಿರಿಂಜು ಪೂರ್ತಿ. ಅದನ್ನು ಹಾಗೇ ಆಸ್ಪತ್ರೆ ಕಸದ ಹಳದಿ ಡಬ್ಬಕ್ಕೆ ಹಾಕಿದೆ. ತಿರುಗಿದಾಗ ಹೆಂಡತಿ ನೋಡುತ್ತಿದ್ದರು.

ಅವರು ಬದುಕಿದರು. ಕಾಲು ಚೆನ್ನಾಗಿ ಬಂತು. ಬಲಗೈ ಭುಜದವರೆಗೆ ಬಂತು, ಬೆರಳುಗಳಿಗೆ ಬರಲಿಲ್ಲ. ಮಾತು ಅಂಕಿಗಳಲ್ಲೇ ನಿಂತಿತು. ನೀರು ಬೇಕೆಂದರೂ ಅಂಕಿ, ಕಾಫಿ ಬೇಡವೆಂದರೂ ಅಂಕಿ. ತಪ್ಪು ಬಂತೆಂದು ಅವರಿಗೇ ಗೊತ್ತಾಗಿ ಹಾಸಿಗೆಗೆ ಗುದ್ದುತ್ತಿದ್ದರು. ವಾರ್ಡಿನಿಂದ ಮನೆಗೆ ಹೊರಡುವ ದಿನ ಹೆಂಡತಿ ನನ್ನನ್ನು ಹುಡುಕಿಕೊಂಡು ಕೆಳಗೆ ಬಂದರು. ನಾನು ಮಂಚದ ಹೊದಿಕೆ ಬದಲಿಸುತ್ತಿದ್ದೆ.

"ಒಂದ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಆವತ್ತು ಉಳ್ದಿದ್ದನ್ನೂ ಕೊಟ್ಟಿದ್ರೆ ಮಾತು ಬರ್ತಿತ್ತಾ?"

"ಗೊತ್ತಿಲ್ಲ ಅಕ್ಕ," ಅಂದೆ. "ಬರಬಹುದಿತ್ತು. ರಕ್ತ ಸೋರಿ ಅವರೇ ಇಲ್ಲದೆ ಹೋಗಬಹುದಿತ್ತು. ಕೊಟ್ಟಷ್ಟರಲ್ಲೇ ಕಾಲು ಬಂದಿದ್ದೂ ಇರಬಹುದು. ಯಾರಿಗೂ ಗೊತ್ತಾಗಲ್ಲ."

"ಮೇಡಂ ಕೂಡ ಇದನ್ನೇ ಏಳಿದ್ರು," ಅಂದರು ಆಕೆ. ಹೊದಿಕೆಯ ಇನ್ನೊಂದು ತುದಿ ಹಿಡಿದು ನನ್ನ ಜೊತೆ ಎಳೆದು ಸರಿಮಾಡಿದರು. "ಇಬ್ರೂ ಒಂದೇ ತರ ಸುಳ್ಳೇಳಲ್ಲ ಬಿಡಿ." ಆಮೇಲೆ ಹೋದರು. ಅಂದು ನನ್ನ ಕೆಲಸದ ಮೇಲೆ ನನಗೆ ಎಷ್ಟು ಬೇಸರ ಬಂತೆಂದರೆ, ಸಂಜೆ ರೈಲಿನಲ್ಲಿ ಯಾರೋ ಪರಿಚಯದವರು ಮಾತಾಡಿಸಿದರೂ ನಿದ್ದೆಯವಳಂತೆ ಕಣ್ಣುಮುಚ್ಚಿಕೊಂಡೆ.

ಮುಂದೆ ಆತ ಫಿಸಿಯೋಥೆರಪಿಗೆ ಬರುವಾಗ ಕೆಲವು ಸಲ ಕಂಡರು. ಕೋಲಿಲ್ಲದೆ ನಡೆಯುತ್ತಿದ್ದರು. ಆಮೇಲೆ ಬರುವುದು ನಿಂತಿತು. ನಮ್ಮಲ್ಲಿಗೆ ತೂಕ ತೋರಿಸುವ ಮಂಚ ಬಂತು. ಒಂದು ಗಂಟೆಯ ಪಂಪಿನ ಬದಲು ಒಂದೇ ಸಲ ತಳ್ಳಿಬಿಡುವ ಬೇರೆ ಮದ್ದೂ ಬಂತು. ಅದಕ್ಕೂ ತೂಕವೇ ಲೆಕ್ಕ, ಆದರೆ ಅಳತೆ ಬೇರೆ. ಹೊಸದಾಗಿ ಸೇರಿದ ನರ್ಸುಗಳಿಗೆ ಎರಡನ್ನೂ ಕಲಸುವುದು ನಾನೇ ಕಲಿಸಿದೆ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಬೇಡಿ ಎಂದು ಹೇಳಿ ಹೇಳಿ ನನಗೇ ಸಾಕಾಗಿತ್ತು. ಅವರಿಗೂ ಸಾಕಾಗಿತ್ತು.

ಅವರನ್ನು ಕೊನೆಯ ಸಲ ಕಂಡದ್ದು ಯಾರ್ಡಿನಲ್ಲಿ. ನಮ್ಮ ನಾದಿನಿಯ ಮನೆಯ ಗೃಹಪ್ರವೇಶಕ್ಕೆ ಈರುಳ್ಳಿ ಮೂಟೆ ಬೇಕಿತ್ತು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಹಾಗೇ ಯಶವಂತಪುರಕ್ಕೆ ಹೋಗಿದ್ದೆ. ಕಣ್ಣು ಉರಿಯುತ್ತಿತ್ತು. ಲಾರಿಗಳ ಮಧ್ಯೆ ದಾರಿ ಮಾಡಿಕೊಂಡು ಹೋಗುವಾಗ ಯಾರೋ, "ಸಿಸ್ಟರ್!" ಎಂದು ಕೂಗಿದರು. ನೋಡಿದರೆ ಆಕೆ. ಈರುಳ್ಳಿ ಮಂಡಿಯ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ಗಂಡ.

ಹರಾಜು ಕೂಗುತ್ತಿದ್ದವರು ಈಗ ಬೇರೆ ಯಾರೋ. ಇವರು ಒಬ್ಬ ಹಳೆಯ ವ್ಯಾಪಾರಿಯ ಎದುರು ಕೂತಿದ್ದರು. ಇಬ್ಬರ ಕೈಗಳ ಮೇಲೂ ಒಂದು ಟವೆಲ್ ಹೊದಿಸಿತ್ತು. ಟವೆಲ್ಲಿನ ಕೆಳಗೆ ಬೆರಳುಗಳು ಆಡುತ್ತಿದ್ದವು. ವ್ಯಾಪಾರಿ ತಲೆ ಅಡ್ಡ ಆಡಿಸಿದರು. ಮತ್ತೆ ಬೆರಳಾಡಿತು. ಈ ಸಲ ಒಪ್ಪಿದರು.

"ದನದ್ ವ್ಯಾಪಾರದಲ್ಲಿ ಇಂಗೇ ಮಾಡ್ತಿದ್ರಂತೆ, ನಮ್ ಮಾವ, ಇವ್ರಪ್ಪ ಕಲ್ಸಿದ್ದು," ಅಂದರು ಆಕೆ. "ಮಾತಿಲ್ದೆ ಬೆರಳಲ್ಲೇ ರೇಟು. ಬಾಯಲ್ಲಿ ಏಳಿದ್ರೆ ತಪ್ಪು ಅಂಕಿ ಬರ್ತದೆ ಇವ್ರಿಗೆ. ಇವರ್ದು ಎಡಗೈ ಅಲ್ವಾ, ಮೊದಮೊದ್ಲು ಎಲ್ರೂ ತಪ್ಪು ತಿಳ್ಕೊಂಡ್ರು. ಜಗಳಾನೇ ಆಯ್ತು. ಈಗ ನಾಲ್ಕೈದ್ ಜನ ಹಳಬ್ರು ಕಲ್ತವ್ರೆ. ಅವ್ರ್ ಜೊತೆ ಮಾತ್ರ."

"ಮಾತು?"

"ಒಂದೆರಡು. ನನ್ ಎಸ್ರು ಬರಲ್ಲ. ಬೈಗಳು ಚೆನ್ನಾಗ್ ಬರ್ತವೆ." ಆಕೆ ನಕ್ಕರು. ಆ ನಗುವಿನಲ್ಲೂ ಸುಸ್ತಿತ್ತು. ದಿನಾ ಅಲ್ಲಾಳಸಂದ್ರದಿಂದ ಬೆಳಗಿನ ಜಾವಕ್ಕೇ ಅವರ ಜೊತೆ ಹೊರಡುತ್ತಾರಂತೆ. ಮನೆಯಲ್ಲಿ ಬಿಟ್ಟರೆ ಗೋಡೆ ನೋಡಿಕೊಂಡು ಕೂರುತ್ತಾರೆ, ಇಲ್ಲಿಗೆ ಕರೆದುಕೊಂಡು ಬಂದರೆ ಮಧ್ಯಾಹ್ನದವರೆಗೆ ಮನುಷ್ಯರಾಗಿರುತ್ತಾರೆ ಅಂದರು. ಭಾವನವರೇ ಕಾರಿನಲ್ಲಿ ತಂದುಬಿಡುತ್ತಾರೆ. ಆಸ್ಪತ್ರೆಯ ಆ ದಿನದ ಮಾತನ್ನು ಆಕೆಯೂ ಭಾವನವರೂ ಎಂದೂ ಎತ್ತಿಲ್ಲವಂತೆ.

ಆತ ನನ್ನನ್ನು ಬಹಳ ಹೊತ್ತು ನೋಡಿದರು. ಗುರುತು ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಎಡಗೈಯಿಂದ ಒಂದು ಮೂಟೆಯ ಬಾಯಿ ಬಿಚ್ಚಿ, ನಾಲ್ಕೈದು ಈರುಳ್ಳಿ ತೆಗೆದು ಒತ್ತಿ ನೋಡಿದರು. ಬೇಡವೆಂದು ಪಕ್ಕಕ್ಕೆ ಸರಿಸಿ ಇನ್ನೊಂದು ಮೂಟೆ ತೋರಿಸಿದರು. ಆ ಮೂಟೆಯನ್ನೇ ಆಟೋಗೆ ಹಾಕಿಸಿ ನಾದಿನಿಯ ಮನೆಗೆ ಕಳಿಸಿದೆ.

ಆಕೆ ಟೀ ತರಿಸಿದರು. ಮೂವರೂ ಕಟ್ಟೆಯ ಮೇಲೆ ಕೂತು ಕುಡಿದೆವು. ಆಕೆಗೂ ಎದ್ದು ಬಹಳ ಹೊತ್ತಾಗಿತ್ತು, ನನಗೂ. ಬಿಸಿಲು ಏರುವ ಮೊದಲು ಹೊರಟು ಸ್ಟೇಷನ್ನಿಗೆ ಹೋದೆ. ಚಿಕ್ಕಬಾಣಾವರದ ಕಡೆಯ ರೈಲು ಬಂದಾಗ ಕಿಟಕಿ ಪಕ್ಕ ಜಾಗ ಸಿಕ್ಕಿತು. ಕೂತ ತಕ್ಷಣ ನಿದ್ದೆ ಹತ್ತಿತು.